ಬೂಟಿನ ಊರಿನ ತಂಡ, ಊರಿನದಾಗದ ಅಂಗಳ

ಇಂಗ್ಲೆಂಡಿನ ಫುಟ್‌ಬಾಲ್ ವ್ಯವಸ್ಥೆಯಲ್ಲಿ ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಮೂರು ವಿಭಾಗಗಳಲ್ಲಿ ಆಡುವ 92 ತಂಡಗಳನ್ನು ಬಿಟ್ಟು ಉಳಿದ ಎಲ್ಲವನ್ನೂ ‘ನಾನ್-ಲೀಗ್’ ಎಂದು ಕರೆಯುವ ರೂಢಿಯಿದೆ. ಇವು ಯಾವ ಲೀಗಿಗೂ ಸೇರದ ತಂಡಗಳೆಂದು ಹೆಸರಿನಿಂದ ತೋರಿದರೂ ವಾಸ್ತವದಲ್ಲಿ ಇವುಗಳಿಗೂ ಹಂತ ಹಂತದ ಲೀಗುಗಳಿವೆ, ಗೆದ್ದವರು ಮೇಲೇರುವ, ಸೋತವರು ಕೆಳಗಿಳಿಯುವ ನಿಯಮವೂ ಇದೆ. ಈ ಏಣಿಯ ತುದಿಯಲ್ಲಿದ್ದ ಕಾನ್ಫರೆನ್ಸ್ ವಿಭಾಗದಿಂದ ಫುಟ್‌ಬಾಲ್ ಲೀಗಿಗೆ ನೇರ ಬಡ್ತಿಯ ಬಾಗಿಲು ತೆರೆದದ್ದು 1986–87ರ ಋತುವಿನಲ್ಲಿ. ಅದಕ್ಕೂ ಮೊದಲು ಲೀಗಿನ ಸದಸ್ಯ ತಂಡಗಳೇ ಮತ ಹಾಕಿ ಹೊಸಬರನ್ನು ಆರಿಸಿಕೊಳ್ಳುತ್ತಿದ್ದವು, ಹೆಚ್ಚಿನ ಸಲ ಹಳಬರನ್ನೇ ಉಳಿಸಿಕೊಳ್ಳುತ್ತಿದ್ದವು. ಬಾಗಿಲು ತೆರೆದ ಮೇಲೆ ಸಣ್ಣ ಊರಿನ ತಂಡವೂ ದೊಡ್ಡವರ ಸಾಲಿಗೆ ಸೇರಬಹುದೆಂಬ ಆಸೆ ಹುಟ್ಟಿತು, ಆ ಆಸೆಗಾಗಿ ಗಳಿಕೆ ಮೀರಿ ಖರ್ಚು ಮಾಡುವ ಚಾಳಿಯೂ ಅದರೊಂದಿಗೇ ಬೆಳೆಯಿತು. ಆ ಬಾಗಿಲನ್ನು ಮೊದಲು ದಾಟಿದ ಸ್ಕಾರ್ಬರೊ ತಂಡವು 1987ರಲ್ಲಿ ಮೇಲೇರಿ, ಇಪ್ಪತ್ತು ವರ್ಷಗಳ ನಂತರ ಸಾಲದ ಹೊರೆಯಿಂದ ಮುಚ್ಚಿಹೋಯಿತು. ರಶ್ಡನ್ ಆ್ಯಂಡ್ ಡೈಮಂಡ್ಸ್ ತಂಡದ ಇಡೀ ಬಾಳು ಅಷ್ಟೂ ಉದ್ದವಾಗಿರಲಿಲ್ಲ: 1992ರಲ್ಲಿ ಹುಟ್ಟಿ 2011ರಲ್ಲಿ ಅಳಿದ ಆ ತಂಡ ಬದುಕಿದ್ದು ಕೇವಲ 19 ವರ್ಷ.

ಆ ತಂಡದ ನೆಲೆಯಾದ ನಾರ್ಥಾಂಪ್ಟನ್‌ಶೈರ್ ಕೌಂಟಿಯು ಇಂಗ್ಲೆಂಡಿನ ಬೂಟು ತಯಾರಿಕೆಯ ತವರು. ನೆನ್ ನದಿಯ ಕಣಿವೆಯ ಊರುಗಳಲ್ಲಿ ತಲೆಮಾರುಗಳ ಕಾಲ ಜನ ಚರ್ಮ ಕತ್ತರಿಸಿ, ಹೊಲಿದು, ಅಟ್ಟೆ ಕೂಡಿಸಿ ಬದುಕು ಕಟ್ಟಿಕೊಂಡವರು. ನದಿಯ ಹೆಸರನ್ನು ನಾರ್ಥಾಂಪ್ಟನ್ ಕಡೆಯವರು ‘ನೆನ್’ ಎಂದೂ ಕೆಳಗಿನ ಪೀಟರ್‌ಬರೊ ಕಡೆಯವರು ‘ನೀನ್’ ಎಂದೂ ಉಚ್ಚರಿಸುತ್ತಾರೆ. ಇಲ್ಲಿ ಮೊದಲಿನ ರೂಪವನ್ನೇ ಇಟ್ಟುಕೊಳ್ಳಲಾಗಿದೆ. ಚರ್ಮದ ದೋಷಗಳನ್ನು ಕಣ್ಣಳತೆಯಲ್ಲೇ ಗುರುತಿಸಿ, ಒಂದಿಷ್ಟೂ ಪೋಲಾಗದಂತೆ ಕತ್ತರಿಸುವ ನುರಿತ ಕೆಲಸಗಾರನಿಗೆ ಅಲ್ಲಿ ‘ಕ್ಲಿಕ್ಕರ್’ ಎಂಬ ಹೆಸರು, ಅಲಗು ಹೊರಡಿಸುವ ಸದ್ದಿನಿಂದ ಬಂದದ್ದು. ಕೌಂಟಿಯ ಪ್ರಮುಖ ತಂಡವಾದ ನಾರ್ಥಾಂಪ್ಟನ್ ಟೌನಿನ ಅಡ್ಡಹೆಸರು ಕೂಡ ಬೂಟು ಹೊಲಿಯುವವರು ಎಂಬರ್ಥದ ‘ಕಾಬ್ಲರ್ಸ್’. ಈ ಸೀಮೆಯ ವೊಲಾಸ್ಟನ್ ಎಂಬ ಹಳ್ಳಿಯಲ್ಲಿ ಗ್ರಿಗ್ಸ್ ಮನೆತನದ ಕಾರ್ಖಾನೆ 1960ರ ಏಪ್ರಿಲ್ 1ರಂದು ಹೊರತಂದ ಎಂಟು ಕಣ್ಣಿನ ಬೂಟೇ ಜಗತ್ಪ್ರಸಿದ್ಧವಾದ ಡಾಕ್ಟರ್ ಮಾರ್ಟೆನ್ಸ್, ಮತ್ತು ಆ ದಿನಾಂಕದಿಂದಲೇ ಅದಕ್ಕೆ ‘1460’ ಎಂಬ ಹೆಸರು ಬಂತು. 1992ರಲ್ಲಿ ಅದೇ ಮನೆತನದ ಮ್ಯಾಕ್ಸ್ ಗ್ರಿಗ್ಸ್ ಅವರ ಮುಂದಾಳತ್ವದಲ್ಲಿ ರಶ್ಡನ್ ಟೌನ್ ಮತ್ತು ಇರ್ತ್ಲಿಂಗ್‌ಬರೊ ಡೈಮಂಡ್ಸ್ ಎಂಬ ಎರಡು ನೆರೆಯೂರುಗಳ ತಂಡಗಳು ಒಂದಾದವು.

ಮುಂದಿನ ಏರಿಕೆಯ ವೇಗ ಇಂಗ್ಲಿಷ್ ಫುಟ್‌ಬಾಲಿನಲ್ಲಿ ಅಪರೂಪದ್ದು. ಸದರ್ನ್ ಲೀಗಿನ ಕೆಳ ವಿಭಾಗದಿಂದ ಹೊರಟ ತಂಡ 1996ರಲ್ಲಿ ಕಾನ್ಫರೆನ್ಸ್ ತಲುಪಿತು. ಇಪ್ಸ್‌ವಿಚ್ ಪರವಾಗಿ 1978ರಲ್ಲಿ, ಆರ್ಸೆನಲ್ ಪರವಾಗಿ 1979ರಲ್ಲಿ ಎಫ್.ಎ. ಕಪ್ ಗೆದ್ದಿದ್ದ ಬ್ರಯನ್ ಟಾಲ್ಬಟ್ ಮ್ಯಾನೇಜರ್ ಆಗಿ ಬಂದರು. 1999ರ ಜನವರಿಯಲ್ಲಿ ಎಫ್.ಎ. ಕಪ್ಪಿನ ಮೂರನೆಯ ಸುತ್ತಿನಲ್ಲಿ ಪ್ರೀಮಿಯರ್ ಲೀಗಿನ ಲೀಡ್ಸ್ ಯುನೈಟೆಡ್ ಈ ತಂಡದ ಅಂಗಳಕ್ಕೆ ಬಂದು 0–0 ಸಮಬಲಕ್ಕೆ ತೃಪ್ತಿಪಟ್ಟು ಹಿಂತಿರುಗಬೇಕಾಯಿತು. ಮರುಪಂದ್ಯವನ್ನು ಲೀಡ್ಸ್ 3–1ರಿಂದ ಗೆದ್ದಿತಾದರೂ ರಶ್ಡನ್ ಹೆಸರು ನಾಡಿನಾದ್ಯಂತ ಮನೆಮಾತಾಯಿತು. 2001ರಲ್ಲಿ ಕಾನ್ಫರೆನ್ಸ್ ಗೆದ್ದು ಫುಟ್‌ಬಾಲ್ ಲೀಗಿಗೆ ಬಡ್ತಿ ಪಡೆದ ತಂಡ 2002ರಲ್ಲಿ ಕಾರ್ಡಿಫ್‌ನಲ್ಲಿ ನಡೆದ ಪ್ಲೇ-ಆಫ್ ಫೈನಲ್ಲಿನಲ್ಲಿ ಚೆಲ್ಟನಮ್‌ಗೆ ಸೋತು, ಮರುವರ್ಷವೇ, ಆಗ ದೇಶದ ನಾಲ್ಕನೆಯ ಹಂತವಾಗಿದ್ದ ಮೂರನೆಯ ಡಿವಿಜನ್ನಿನ ಚಾಂಪಿಯನ್ ಆಯಿತು. ಹುಟ್ಟಿದ ಹನ್ನೊಂದೇ ವರ್ಷಗಳಲ್ಲಿ ದೇಶದ ಮೂರನೆಯ ಹಂತಕ್ಕೆ ಏರಿದ ಈ ಸಾಧನೆಯನ್ನು ಕೇವಲ ಹಣದ ಆಟವೆಂದು ತಳ್ಳಿಹಾಕಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ಮಾತು ಅನ್ಯಾಯದ್ದು. ಹಣವಿದ್ದೂ ಮೇಲೇರದ ತಂಡಗಳು ಬಹಳ, ಮತ್ತು ಆ ಋತುಗಳಲ್ಲಿ ಮೈದಾನದೊಳಗೆ ಕಂಡದ್ದು ಒಳ್ಳೆಯ ಫುಟ್‌ಬಾಲೇ.

ಆ ಕಣಿವೆಯಲ್ಲಿ ಹಲವು ವರ್ಷ ನೆಲೆಸಿ, ಮೊದಲು ಪ್ರೇಕ್ಷಕನಾಗಿ, ಆಮೇಲೆ ಅಭಿಮಾನಿಗಳ ಸಂಘದ ಸಾಮಾನ್ಯ ಸದಸ್ಯನಾಗಿ ಇದನ್ನೆಲ್ಲ ಕಂಡ ಈ ಲೇಖಕನ ನೆನಪಿನಲ್ಲಿ ಗೋಲುಗಳಿಗಿಂತ ಗಟ್ಟಿಯಾಗಿ ಉಳಿದಿರುವುದು ತಂಡದ ತವರು ಅಂಗಳವಾದ ನೆನ್ ಪಾರ್ಕ್ ಕ್ರೀಡಾಂಗಣ. ಇರ್ತ್ಲಿಂಗ್‌ಬರೊ ಹತ್ತು ಸಾವಿರ ಜನರೂ ಇಲ್ಲದ ಊರು. ಅಲ್ಲಿ ನದಿಯ ಪಕ್ಕದ ತಗ್ಗಿನಲ್ಲಿ 6,400ಕ್ಕೂ ಹೆಚ್ಚು ಜನ ಹಿಡಿಸುವ, ಮೂರು ಕಡೆ ಆಸನಗಳೂ ಒಂದು ಕಡೆ ಟೆರೇಸೂ ಇದ್ದ ಕ್ರೀಡಾಂಗಣ ಎದ್ದುನಿಂತಿತ್ತು. ಟೆರೇಸ್ ಎಂದರೆ ಆಸನಗಳಿಲ್ಲದ, ಜನ ನಿಂತೇ ಆಟ ನೋಡುವ ಕಾಂಕ್ರೀಟ್ ಮೆಟ್ಟಿಲುಗಳ ಸಾಲು. ನೂಕುನುಗ್ಗಲು ತಡೆಯಲು ನಡುನಡುವೆ ಸೊಂಟದೆತ್ತರದ ಕಬ್ಬಿಣದ ಅಡ್ಡಪಟ್ಟಿಗಳಿರುತ್ತವೆ. ಜನವರಿಯ ಮಧ್ಯಾಹ್ನ ಮೂರು ಗಂಟೆಗೆ ನದಿಯ ಮಂಜು ಮೈದಾನದ ಅಂಚಿನವರೆಗೆ ಬಂದಿರುವಾಗ ಆ ಪಟ್ಟಿಗೆ ಮೈ ಆನಿಸಿ, ಬೋವ್ರಿಲ್ ಎಂಬ ಬಿಸಿ ಮಾಂಸದ ಸಾರಿನ ಕಾಗದದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತವರಲ್ಲಿ ಕ್ಲಿಕ್ಕರ್‌ಗಳು, ಹೊಲಿಗೆ ವಿಭಾಗದ ಹೆಂಗಸರು, ಅವರ ಮೊಮ್ಮಕ್ಕಳು ಇರುತ್ತಿದ್ದರು. ತಾವು ಮಾಡಿದ ಬೂಟುಗಳ ಹಣದಿಂದಲೇ ಎದ್ದ ಅಂಗಳದಲ್ಲಿ ಅವರು ನಿಂತಿದ್ದರು. ಅಂಗಳ ತಮ್ಮದೇ ಎಂದು ಅವರಂತೆ ಈ ಲೇಖಕನೂ ನಂಬಿದ್ದ. ಅದರ ಕಾಗದಪತ್ರ ಯಾರ ಹೆಸರಿನಲ್ಲಿದೆ ಎಂದು ಕೇಳಬೇಕೆಂಬ ಯೋಚನೆ ಆ ಗೆಲುವಿನ ದಿನಗಳಲ್ಲಿ ಟೆರೇಸಿನ ಮೇಲಿದ್ದ ಯಾರಿಗೂ ಬರಲಿಲ್ಲ. ಪ್ರಶ್ನೆ ಕೇಳುವ ಕಾಲ ಅದೇ ಆಗಿತ್ತು, ಏಕೆಂದರೆ ಕೊಡುವ ಮನಸ್ಸೂ ಶಕ್ತಿಯೂ ಇದ್ದ ದಾನಿ ಆಗ ಎದುರಿಗೇ ಇದ್ದರು.

2003ರಲ್ಲಿ, ತಂಡ ಚಾಂಪಿಯನ್ ಆದ ವರ್ಷವೇ, ಡಾಕ್ಟರ್ ಮಾರ್ಟೆನ್ಸ್ ಬೂಟುಗಳ ತಯಾರಿಕೆ ಬಹುಪಾಲು ಏಷ್ಯಾಕ್ಕೆ ಹೋಯಿತು ಮತ್ತು ಕಣಿವೆಯಲ್ಲಿ ಸಾವಿರಕ್ಕೂ ಹೆಚ್ಚು ಉದ್ಯೋಗಗಳು ಹೋದವು. ಒಂದೇ ಉದ್ದಿಮೆಯ ಲಾಭದ ಮೇಲೆ ನಿಂತಿದ್ದ ತಂಡಕ್ಕೆ ಇದರ ಪೆಟ್ಟು ತಾಗಲು ತಡವಾಗಲಿಲ್ಲ. 2004ರ ಮಾರ್ಚ್‌ನಲ್ಲಿ ಟಾಲ್ಬಟ್ ಬೇರೆ ತಂಡಕ್ಕೆ ಹೋದರು. ಆ ಋತುವಿನ ಕೊನೆಗೆ ತಂಡ ಕೆಳಗಿಳಿಯಿತು. 2005ರಲ್ಲಿ ಗ್ರಿಗ್ಸ್ ಅವರು ತಂಡವನ್ನು ಅಭಿಮಾನಿಗಳ ಟ್ರಸ್ಟಿಗೆ ಒಪ್ಪಿಸಿದರು. ಈ ಬಗೆಯ ಟ್ರಸ್ಟ್ ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದಂಥದ್ದು: ಹಣ ಎಷ್ಟೇ ಹಾಕಿದ್ದರೂ ಸದಸ್ಯನಿಗೆ ಒಂದೇ ಮತ, ಆದರೆ ಟ್ರಸ್ಟಿನಲ್ಲಿ ಬಂದ ಲಾಭ ಹಂಚಿಕೊಳ್ಳುವಂತಿಲ್ಲ. ತಾತ್ತ್ವಿಕವಾಗಿ ಇದಕ್ಕಿಂತ ಒಳ್ಳೆಯ ಒಡೆತನ ಫುಟ್‌ಬಾಲಿನಲ್ಲಿ ಇಲ್ಲ. ಆದರೆ ಹದಿಮೂರು ವರ್ಷ ಧಣಿಯೊಬ್ಬರ ಔದಾರ್ಯಕ್ಕೆ ತಕ್ಕಂತೆ ಬೆಳೆದಿದ್ದ ಸಂಸಾರವನ್ನು ಚಂದಾ ಹಣದಿಂದ ಸಾಕುವ ಹೊಣೆ ಆ ಸದಸ್ಯರ ಹೆಗಲಿಗೆ ಬಿದ್ದಾಗ ಅವರ ಕೈಯಲ್ಲಿ ಅಭ್ಯಾಸವೂ ಇರಲಿಲ್ಲ, ಉಳಿತಾಯವೂ ಇರಲಿಲ್ಲ. 2006ರಲ್ಲಿ ತಂಡ ಪಟ್ಟಿಯ ಕೊನೆಯ ಸ್ಥಾನದಲ್ಲಿ ಉಳಿದು ಕಾನ್ಫರೆನ್ಸಿಗೆ ಮರಳಿತು, ಒಡೆತನವೂ ಮತ್ತೆ ಖಾಸಗಿಯವರ ಕೈಗೆ ಹೋಯಿತು.

ಈ ಹಂತದ ತಂಡವೊಂದರ ಲೆಕ್ಕವನ್ನು ಒಮ್ಮೆ ಬರೆದು ನೋಡಿದವರಿಗೆ ಪತನದ ಬೇರೆ ವಿವರಣೆ ಬೇಕಾಗುವುದಿಲ್ಲ. ಪ್ರತಿ ಪಂದ್ಯಕ್ಕೆ 2,000 ಜನ ತಲಾ 15 ಪೌಂಡ್ ಕೊಟ್ಟು ಬರುತ್ತಾರೆಂದು ಭಾವಿಸಿಕೊಂಡರೆ, 24 ತಂಡಗಳ ಲೀಗಿನಲ್ಲಿ ತವರಿನ ಪಂದ್ಯಗಳು 23, ಬಾಗಿಲ ಹುಟ್ಟುವಳಿ 6,90,000 ಪೌಂಡ್. 2011ರಲ್ಲಿ ಶೇಕಡಾ 20ಕ್ಕೆ ಏರಿದ್ದ ಮೌಲ್ಯವರ್ಧಿತ ತೆರಿಗೆ ಟಿಕೆಟಿನ ದರದೊಳಗೇ ಸೇರಿರುವುದರಿಂದ ಅದರಲ್ಲಿ 1,15,000 ಸರ್ಕಾರಕ್ಕೆ, ಉಳಿಯುವುದು 5,75,000. ಇಪ್ಪತ್ತು ಆಟಗಾರರಿಗೆ ವಾರಕ್ಕೆ ತಲಾ 500 ಪೌಂಡ್‌ನಂತೆ ಸಾಧಾರಣ ಸಂಬಳ ಕೊಟ್ಟರೂ ವರ್ಷಕ್ಕೆ 5,20,000 ಬೇಕು. ಮಿಕ್ಕ 55,000ದಲ್ಲಿ ಮಾಲೀಕನ ಪಾಲಿನ ರಾಷ್ಟ್ರೀಯ ವಿಮೆಯ ಕಂತು ಕಟ್ಟಿದರೆ ಕೈ ಬಹುತೇಕ ಖಾಲಿಯಾಗುತ್ತದೆ. ಮ್ಯಾನೇಜರನ ಸಂಬಳ, ದೂರದ ಊರುಗಳಿಗೆ ಬಸ್ಸು, ಹುಲ್ಲಿನ ಆರೈಕೆ, ಹೊನಲುದೀಪ ಇನ್ನೂ ಬಾಕಿ. ಇಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಆಟಗಾರರ ಸಂಬಳದಿಂದ ಹಿಡಿದುಕೊಂಡ ಆದಾಯ ತೆರಿಗೆಯನ್ನು ಇಲಾಖೆಗೆ ಕಟ್ಟದೆ ಆ ತಿಂಗಳ ಖರ್ಚಿಗೆ ಬಳಸಿಕೊಳ್ಳುವುದು. ಒಂದು ತಿಂಗಳು ಸಾಲವಾಗಿ ತೋರುವ ಈ ಉಪಾಯ ಆರು ತಿಂಗಳಲ್ಲಿ ಕುಣಿಕೆಯಾಗುತ್ತದೆ, ಏಕೆಂದರೆ ತೆರಿಗೆ ಇಲಾಖೆ ಕಂಪನಿಯನ್ನೇ ಮುಚ್ಚುವಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಲ್ಲದು. ಅಭಿಮಾನಿಗಳ ಸಭೆಗಳಲ್ಲಿ ಕೂತು ಈ ಲೇಖಕ ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ‘ತೆರಿಗೆ ಬಾಕಿ ಎಷ್ಟು, ಅಂಗಳ ಯಾರದ್ದು’ ಎಂಬ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಸಿಗದ ತಂಡದಲ್ಲಿ ಹೊಸ ಆಟಗಾರನ ಖರೀದಿಯನ್ನು ಸಂಭ್ರಮಿಸಬಾರದು.

2009–10ರಲ್ಲಿ ತಂಡ ನಾಲ್ಕನೆಯ ಸ್ಥಾನ ಪಡೆದು ಪ್ಲೇ-ಆಫ್ ಸೆಮಿಫೈನಲ್ ತಲುಪಿತು. ಚೇತರಿಕೆಯ ಲಕ್ಷಣದಂತೆ ಕಂಡ ಅದು ಕೊನೆಯ ಬೆಳಕಾಗಿತ್ತು. 2011ರ ಜೂನ್‌ನಲ್ಲಿ ಹಣಕಾಸಿನ ಅಸ್ಥಿರತೆಯ ಕಾರಣದಿಂದ ಕಾನ್ಫರೆನ್ಸ್ ತಂಡವನ್ನು ಹೊರಹಾಕಿತು, ಮುಂದಿನ ಕೆಲವೇ ವಾರಗಳಲ್ಲಿ ಅದು ಇಲ್ಲವಾಯಿತು. ಮೈದಾನದಲ್ಲಿ ಸೋತು ಕೆಳಗಿಳಿಯಬೇಕಾಗಿದ್ದ ಸೌತ್‌ಪೋರ್ಟ್ ತಂಡ ಆ ಖಾಲಿ ಸ್ಥಾನದಿಂದ ಉಳಿದುಕೊಂಡಿತು.

ಇದಕ್ಕೆ ಒಂದು ತಿಂಗಳ ಹಿಂದೆಯಷ್ಟೇ, ಅದೇ ವಿಭಾಗದಲ್ಲಿ ಅದೇ ಋತು ಆಡಿದ್ದ ಎ.ಎಫ್.ಸಿ. ವಿಂಬಲ್ಡನ್ ಫುಟ್‌ಬಾಲ್ ಲೀಗಿಗೆ ಬಡ್ತಿ ಪಡೆದಿತ್ತು. ಹಳೆಯ ವಿಂಬಲ್ಡನ್ ತಂಡವನ್ನು ಮಾಲೀಕರು ಮಿಲ್ಟನ್ ಕೀನ್ಸ್ ನಗರಕ್ಕೆ ಸಾಗಿಸಲು ಅನುಮತಿ ಸಿಕ್ಕಾಗ ಅಭಿಮಾನಿಗಳೇ 2002ರಲ್ಲಿ ಕಟ್ಟಿಕೊಂಡ ಆ ತಂಡ ಕೆಳಗಿನ ಹಂತದಿಂದ ಒಂಬತ್ತು ವರ್ಷಗಳಲ್ಲಿ ಮೇಲೇರಿತು. ಲೀಗ್ ತಲುಪಲು ರಶ್ಡನ್ ತಂಡ ತೆಗೆದುಕೊಂಡದ್ದೂ ಒಂಬತ್ತೇ ವರ್ಷ. ಒಂದರ ಹಿಂದೆ ಸಾವಿರಾರು ಸದಸ್ಯರಿದ್ದರು, ಇನ್ನೊಂದರ ಹಿಂದೆ ಒಬ್ಬ ಒಳ್ಳೆಯ ಮನುಷ್ಯರಿದ್ದರು. ಗ್ರಿಗ್ಸ್ ಅವರ ಪ್ರೀತಿಯನ್ನು ಅನುಮಾನಿಸಲು ಯಾವ ಆಧಾರವೂ ಇಲ್ಲ, ಆದರೆ ಒಬ್ಬರ ಪ್ರೀತಿಗೆ ಆ ಒಬ್ಬರ ವ್ಯಾಪಾರದಷ್ಟೇ ಆಯಸ್ಸು.

ತಂಡ ಸತ್ತರೂ ಅಂಗಳ ನಿಂತಿತ್ತು ಎಂಬುದು ಎರಡೂ ಒಂದೇ ಕೈಯಲ್ಲಿರಲಿಲ್ಲವೆಂಬುದಕ್ಕೆ ಸಾಕ್ಷಿ. 2011ರಲ್ಲಿ ನೆನ್ ಪಾರ್ಕಿಗೆ ಆಡಲು ಬಂದದ್ದು ಬದ್ಧ ಎದುರಾಳಿಯಾದ ನೆರೆಯೂರಿನ ಕೆಟರಿಂಗ್ ಟೌನ್, ತನ್ನ ಹಳೆಯ ಅಂಗಳ ರಾಕಿಂಗ್‌ಹ್ಯಾಮ್ ರೋಡನ್ನು ಬಿಟ್ಟು. ಅಷ್ಟು ದೊಡ್ಡ ಕಟ್ಟಡದ ಖರ್ಚು ಅದಕ್ಕೂ ದಕ್ಕಲಿಲ್ಲ. ಮರುವರ್ಷವೇ ಕೆಟರಿಂಗ್ ಎರಡು ಮೆಟ್ಟಿಲು ಕೆಳಗೆ ಬಿದ್ದು, ಒಂದು ಪಂದ್ಯಕ್ಕೆ ಹನ್ನೊಂದು ಜನರನ್ನು ಹೊಂದಿಸಲಾಗದೆ ಹತ್ತೇ ಆಟಗಾರರನ್ನು ಇಳಿಸುವ ಸ್ಥಿತಿಗೆ ಬಂದು ಆ ಅಂಗಳವನ್ನು ತೊರೆಯಿತು.

ರಶ್ಡನ್ ಅಭಿಮಾನಿಗಳು ಹಳೆಯ ತಂಡ ಅಳಿದ ಬೇಸಿಗೆಯಲ್ಲೇ ಎ.ಎಫ್.ಸಿ. ರಶ್ಡನ್ ಆ್ಯಂಡ್ ಡೈಮಂಡ್ಸ್ ಎಂಬ ಹೊಸ ತಂಡವನ್ನು ಸದಸ್ಯರ ಒಡೆತನದಲ್ಲಿ ಸ್ಥಾಪಿಸಿದರು. ಮೊದಲ ವರ್ಷ ಅದು ಕಿರಿಯರ ತಂಡವನ್ನಷ್ಟೇ ಆಡಿಸಿತು. ಹಿರಿಯರ ತಂಡ 2012ರಲ್ಲಿ ಯುನೈಟೆಡ್ ಕೌಂಟೀಸ್ ಲೀಗಿನ ಕೆಳ ವಿಭಾಗದಿಂದ, ನೆರೆಯ ವೆಲಿಂಗ್‌ಬರೊ ಊರಿನ ಅಂಗಳವನ್ನು ಹಂಚಿಕೊಂಡು ಆಟ ಆರಂಭಿಸಿ, 2015ರಲ್ಲಿ ಆ ಲೀಗನ್ನು ಗೆದ್ದು ಸದರ್ನ್ ಲೀಗಿಗೆ ಏರಿತು. 2017ರಲ್ಲಿ ನೆನ್ ಪಾರ್ಕನ್ನು ಕೆಡವಲಾಯಿತು. ಹೊಸ ತಂಡ ರಶ್ಡನ್ ಊರೊಳಗಿನ ಹೇಡನ್ ರೋಡ್ ಮೈದಾನಕ್ಕೆ ಬಂದು ನೆಲೆಸಿದ್ದೂ ಅದೇ ವರ್ಷ.