ಎದುರಿಗೆ ಕಣ್ಣಿಲ್ಲದಾಗ: ಮಲಾಡಿನ ಮಕ್ಕಳಿಗೆ ಕಿವಿಮಾತು

ಮಕ್ಕಳೇ, ನಿಮ್ಮಲ್ಲಿ ಯಾರೂ ಕೆಟ್ಟವರಲ್ಲ. ಬೊರಿವಲಿ ಲೋಕಲ್‌ನ ನೂಕುನುಗ್ಗಲಿನಲ್ಲೂ ವಯಸ್ಸಾದವರಿಗೆ ಸೀಟು ಬಿಟ್ಟುಕೊಡುತ್ತೀರಿ, ಭಜನೆಗೆ ಕರೆದರೆ ಬರುತ್ತೀರಿ. ಅದೇ ನೀವು ರಾತ್ರಿ ಮೊಬೈಲಿನಲ್ಲಿ ಬರೆಯುವುದನ್ನು ಓದಿದರೆ ಸಂಕಟವಾಗುತ್ತದೆ. ಅದಕ್ಕೇ ಈ ನಾಲ್ಕು ಮಾತು.

• ಹೆಸರು ಮುಚ್ಚಿಟ್ಟವರು ಮಾತ್ರ ನಾಲಿಗೆ ಹರಿಯಬಿಡುತ್ತಾರೆ ಎಂದುಕೊಳ್ಳಬೇಡಿ. ನಮ್ಮ ಸೊಸೈಟಿಯ ಗ್ರೂಪಿನಲ್ಲಿ ಹೆಸರಿನ ಪಕ್ಕದಲ್ಲೇ ಫ್ಲ್ಯಾಟ್ ನಂಬರ್ ಇದೆ. ಹೋದ ಮಳೆಗಾಲ ಮೇಲಿನ ಮನೆಯ ಬಾತ್‌ರೂಮಿನ ನೀರು ಕೆಳಗಿನ ಮನೆಗೆ ಇಳಿಯಿತು. ರಾತ್ರಿ ಹನ್ನೊಂದು ದಾಟಿದ ಮೇಲೆ ಕೆಳಗಿನವರು ಒದ್ದೆ ಗೋಡೆಯ ಫೋಟೋ ಹಾಕಿದರು. ಮೇಲಿನವರು ಉತ್ತರ ಕೊಟ್ಟರು. ಸ್ವಲ್ಪ ಹೊತ್ತಿಗೆ ಜಾತಿ ಬಂತು, ಆಮೇಲೆ ಹೆಂಡತಿ ಮಕ್ಕಳ ಮಾತು ಬಂತು. ಬೆಳಿಗ್ಗೆ ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿದರು. ಒಬ್ಬರು ಬಾಗಿಲು ಹಿಡಿದು ನಿಂತರು, ಇನ್ನೊಬ್ಬರು ನೆಲ ನೋಡುತ್ತ ಹೊರಗೆ ಹೋದರು. ರಾತ್ರಿಯ ಒಂದು ಮಾತೂ ಇಬ್ಬರ ಬಾಯಿಂದ ಬರಲಿಲ್ಲ. 2012ರಲ್ಲಿ ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಜನರನ್ನು ಜೋಡಿ ಮಾಡಿ, ಇಕ್ಕಟ್ಟಿನ ಒಂದು ವಿಷಯ ಕೊಟ್ಟು, ಚಾಟ್ ಮಾಡಿಸಿ ನೋಡಿದರು. ಎದುರಿನವರ ಹೆಸರು ಗೊತ್ತಿಲ್ಲದಿರುವುದಕ್ಕಿಂತ ಅವರ ಕಣ್ಣು ಕಾಣದಿರುವುದೇ ಒರಟುತನಕ್ಕೆ ದೊಡ್ಡ ಕಾರಣ ಎಂದು ಅವರಿಗೆ ಕಂಡಿತು. ನಮ್ಮ ಲಿಫ್ಟಿನಲ್ಲಿ ನಾನು ಕಂಡದ್ದೂ ಅದನ್ನೇ.

• ಹಾಗಾಗಿ, ಸಿಟ್ಟು ಬಂದಾಗ ಬರೆಯಬೇಡಿ. ಮೆಟ್ಟಿಲು ಹತ್ತಿ ಹೋಗಿ ಬೆಲ್ ಒತ್ತಿ. ದೂರದವರಾದರೆ ಫೋನ್ ಮಾಡಿ. ದನಿ ಕೇಳಿದರೂ ಅರ್ಧ ಸಿಟ್ಟು ಇಳಿಯುತ್ತದೆ.

• ಉತ್ತರ ಬರೆಯುವ ಮೊದಲು, ಬಂದ ಮೆಸೇಜನ್ನು ಆ ಮನುಷ್ಯನ ಅತ್ಯಂತ ಮೆತ್ತಗಿನ ದನಿಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಪರದೆಯ ಹಿಂದೆ ನಾಲಿಗೆ ಯಾಕೆ ಸಡಿಲವಾಗುತ್ತದೆ ಎಂಬುದರ ಮೇಲೆ 2004ರಲ್ಲಿ ಬರೆದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸುಲರ್ ಹಲವು ಕಾರಣ ಕೊಟ್ಟರು: ಬರೆದವನು ಉತ್ತರಕ್ಕೆ ಕಾಯದೆ ಎದ್ದುಹೋಗಬಹುದು, ದೊಡ್ಡವರೆಂಬ ಅಂಕೆ ಇರುವುದಿಲ್ಲ, ಎಲ್ಲವೂ ಆಟದಂತೆ ಕಾಣುತ್ತದೆ. ನನಗೆ ಮುಖ್ಯವೆನಿಸುವುದು ಇನ್ನೊಂದು: ಎದುರಿನವರ ದನಿಯನ್ನು ನಾವೇ ತಲೆಯೊಳಗೆ ಹುಟ್ಟಿಸಿಕೊಂಡು ಓದುತ್ತೇವೆ. ಅತ್ತೆ ‘ಆಯ್ತು’ ಎಂದಷ್ಟೇ ಬರೆದಿರುತ್ತಾರೆ. ಸೊಸೆಗೆ ಅದು ಮೂತಿ ತಿರುವಿದ ಹಾಗೆ ಕೇಳುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ಮಾತು ನಿಂತುಹೋಗಿದೆ. ಇದೇ ಸಡಿಲತನ ಒಳ್ಳೆಯದನ್ನೂ ಹೊರಗೆ ತರುತ್ತದೆ ಎಂದೂ ಸುಲರ್ ಹೇಳಿದ್ದರು. 2021ರ ಕೋವಿಡ್ ಸಮಯದಲ್ಲಿ, ಯಾರಲ್ಲೂ ಕೈಯೊಡ್ಡದ ಸಂಕೋಚದ ಜನ ನಡುರಾತ್ರಿ ಆಕ್ಸಿಜನ್ ಬೇಕೆಂದು ಬರೆದರು. ಗುರುತೇ ಇಲ್ಲದವರು ಹುಡುಕಿಕೊಟ್ಟರು. ಆ ಸಂಕೋಚ ಕಳಚಿದ್ದು ಒಳ್ಳೆಯದೇ ಆಯಿತು.

• ‘ತಮಾಷೆಗೆ ಮಾಡಿದೆ’ ಎನ್ನಬೇಡಿ. 2022ರ ಜನವರಿಯಲ್ಲಿ ‘ಬುಲ್ಲಿ ಬಾಯಿ’ ಎಂಬ ಆಪ್‌ನಲ್ಲಿ ಪತ್ರಕರ್ತೆಯರೂ ಸೇರಿದಂತೆ ನೂರಕ್ಕೂ ಹೆಚ್ಚು ಮುಸ್ಲಿಂ ಹೆಣ್ಣುಮಕ್ಕಳ ಫೋಟೋ ಹಾಕಿ ಹರಾಜಿನ ನಾಟಕ ಆಡಿದರು. ಮುಂಬಯಿ ಸೈಬರ್ ಪೊಲೀಸರು ಮೊದಲು ಹಿಡಿದದ್ದು ಬೆಂಗಳೂರಿನಲ್ಲಿ ಓದುತ್ತಿದ್ದ 21ರ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಆಮೇಲೆ ಉತ್ತರಾಖಂಡದ 18ರ ಹುಡುಗಿ. ನಿಮ್ಮದೇ ವಯಸ್ಸು. ಹೊಸ ವರ್ಷದ ಬೆಳಿಗ್ಗೆ ಆ ಪಟ್ಟಿಯಲ್ಲಿ ತನ್ನ ಮುಖ ಕಂಡ ಹೆಣ್ಣುಮಗಳಿಗೆ ಅದು ಆಟವಾಗಿರಲಿಲ್ಲ.

• ಫಾರ್ವರ್ಡ್ ಮಾಡುವುದೂ ಮಾತಾಡಿದ ಹಾಗೆಯೇ. 2018ರ ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರು ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಗುಂಪು ದಾರಿ ಕಟ್ಟಿ ಹೊಡೆಯಿತು; ಒಬ್ಬ ಸತ್ತೇಹೋದ. ಸುದ್ದಿ ದಾಟಿಸಿದವರಲ್ಲಿ ಎಷ್ಟೋ ಮಂದಿ ಅವನ ಮುಖವನ್ನೇ ನೋಡಿರಲಿಲ್ಲ. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ ಐದು ಚಾಟ್‌ಗೆ ಮಿತಿಗೊಳಿಸಿತು. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದದ್ದು; ನಿಮ್ಮ ಕೈಯಲ್ಲಿ ನಿಲ್ಲಿಸಿ.

• ಬರೆದದ್ದೆಲ್ಲ ಅಪರಾಧ ಎಂದು ನಾನು ಹೇಳುತ್ತಿಲ್ಲ. ಪಾಲ್ಘರ್‌ನ ಇಬ್ಬರು ಹುಡುಗಿಯರನ್ನು 2012ರಲ್ಲಿ ಮುಂಬಯಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಸೌಮ್ಯವಾಗಿ ಬರೆದದ್ದಕ್ಕೆ, ಲೈಕ್ ಕೊಟ್ಟದ್ದಕ್ಕೆ ಬಂಧಿಸಿದ್ದು ಅನ್ಯಾಯ. ಆಗ ಬಳಸಿದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಹಾಗೆಂದು ಹೆಣ್ಣುಮಕ್ಕಳ ಬೆನ್ನು ಹತ್ತುವುದಕ್ಕೆ, ಅಶ್ಲೀಲ ಕಳಿಸುವುದಕ್ಕೆ, ಮಾನ ಕಳೆಯುವುದಕ್ಕೆ ಇರುವ ಕಲಮುಗಳು ಹೋಗಿಲ್ಲ.

• ಯಾರಾದರೂ ನಿಮಗೇ ಕೊಳಕು ಕಳಿಸಿದರೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮನೆಯಲ್ಲಿ ಹೇಳಿ, ಬೈಯುವುದಿಲ್ಲ ಎಂದು ನಾನು ಮಾತು ಕೊಡುತ್ತೇನೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರಿಗೆ ಬೇರೆಯೇ ವಿಭಾಗವಿದೆ.

• ಗ್ರೂಪಿಗೆ ಅಡ್ಮಿನ್ ಆಗಿರುವ ನಿಮ್ಮಪ್ಪಂದಿರಿಗೂ ಒಂದು ಮಾತು ತಲುಪಿಸಿ. ಸದಸ್ಯರು ಬರೆದದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ, ನಿಜ. ಆದರೂ ಅಡ್ಮಿನ್ ಮಾತ್ರ ಬರೆಯಬಹುದೆಂಬ ಸೆಟ್ಟಿಂಗ್ ಅವರ ಬೆರಳ ತುದಿಯಲ್ಲೇ ಇದೆ. ರಾತ್ರಿ ಹತ್ತಕ್ಕೆ ಅದನ್ನು ಹಾಕಿ ಬೆಳಿಗ್ಗೆ ಏಳಕ್ಕೆ ತೆಗೆಯಲಿ. ನೀರು, ಪಾರ್ಕಿಂಗ್, ಸೋರಿಕೆಯ ತಕರಾರಿದ್ದರೆ ಭಾನುವಾರ ಸೊಸೈಟಿ ಆಫೀಸಿನಲ್ಲಿ ಕುರ್ಚಿ ಹಾಕಿಸಲಿ. ಇಬ್ಬರನ್ನೂ ಎದುರುಬದುರು ಕೂರಿಸಲಿ. ಚಹಾ ನಾನು ತರಿಸುತ್ತೇನೆ.