ಹೆಜ್ಜೆಯಿಂದ ಲೆಕ್ಕ, ಲೆಕ್ಕದಿಂದ ಬಾಳುವೆ

ಗಣಿತವೆಂದೊಡನೆ ಅನೇಕ ವಿದ್ಯಾರ್ಥಿಗಳ ಮುಖ ಬಾಡುವುದು ಅಧ್ಯಾಪಕರೆಲ್ಲರ ಅನುಭವ. ಬಡ್ಡಿಯ ಸೂತ್ರವನ್ನು ಕಂಠಪಾಠ ಮಾಡಿ ಉತ್ತೀರ್ಣನಾದ ಹುಡುಗನೇ ಮುಂದೆ ಗೃಹಸ್ಥನಾಗಿ ಸಾಲಪತ್ರಕ್ಕೆ ರುಜು ಹಾಕುವಾಗ ‘ನೂರಕ್ಕೆ ಎರಡು’ ಎಂಬ ಮಾತಿನ ಭಾರವನ್ನು ಅರಿಯದೆ ಹೋಗುವುದುಂಟು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯೆಂದರೆ ವರ್ಷಕ್ಕೆ ಶೇಕಡಾ 24 ಎಂಬುದು ಸರಳ ಗುಣಾಕಾರ. ಆದರೂ ಅದು ಪುಸ್ತಕದಿಂದ ಬದುಕಿಗೆ ಇಳಿದಿರುವುದಿಲ್ಲ.

ಲೆಕ್ಕ ಮತ್ತು ಬಾಳುವೆಗಳ ನಂಟು ನಮ್ಮಲ್ಲಿ ಪುರಾತನವಾದುದು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಸಂಖ್ಯೆಗಳನ್ನು ‘ಧನ’, ‘ಋಣ’ ಎಂದು ಕರೆದನು. ಇಂದಿಗೂ ಕನ್ನಡ ಪಠ್ಯಗಳಲ್ಲಿ ಅವು ಧನ ಸಂಖ್ಯೆ, ಋಣ ಸಂಖ್ಯೆಗಳೇ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳಿಗೆ ವಿಶೇಷ ಸ್ಥಾನವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯು ಚಟುವಟಿಕೆಯೇ ಕಲಿಕೆಯ ದಾರಿಯೆಂಬುದನ್ನು ತೋರಿಸಿತು. ಇವೆರಡನ್ನೂ ಕೂಡಿಸುವ ಪಾಠವೊಂದು ಹೀಗಿದೆ.

ಆಟದ ಬಯಲಿನ ನಡುವೆ ಸುಣ್ಣದ ಗೆರೆಯೊಂದನ್ನು ಎಳೆಯಬೇಕು. ಅದೇ ಸೊನ್ನೆ. ಒಂದು ಹೆಜ್ಜೆಗೆ 20 ರೂಪಾಯಿ ಬೆಲೆ. ಮೂವರು ಮಕ್ಕಳು ಗೆರೆಯ ಮೇಲೆ ನಿಲ್ಲುವರು. ಮೊದಲನೆಯವನು 1,000 ರೂಪಾಯಿಯನ್ನು ವರ್ಷಕ್ಕೆ ಶೇಕಡಾ 3ರಂತೆ ಉಳಿತಾಯದಲ್ಲಿಟ್ಟವನು. ಬಡ್ಡಿ ಬಂದಷ್ಟು ಮುಂದಕ್ಕೆ ನಡೆಯುವನು. ಉಳಿದಿಬ್ಬರೂ ಅಷ್ಟೇ ಹಣವನ್ನು ತಿಂಗಳಿಗೆ ನೂರಕ್ಕೆ ಎರಡರಂತೆ ಸಾಲ ತಂದವರು. ಬಡ್ಡಿ ಏರಿದಷ್ಟು ಹಿಂದಕ್ಕೆ ಸರಿಯುವರು. ಒಬ್ಬನದು ಸರಳಬಡ್ಡಿ, ಇನ್ನೊಬ್ಬನದು ತಿಂಗಳು ತಿಂಗಳೂ ಅಸಲಿಗೆ ಸೇರುವ ಚಕ್ರಬಡ್ಡಿ. ತರಗತಿಯ ಉಳಿದವರು ಚಪ್ಪಾಳೆಯಿಂದ ತಿಂಗಳುಗಳನ್ನು ಎಣಿಸುತ್ತ ಪುಸ್ತಕದಲ್ಲಿ ಲೆಕ್ಕ ಬರೆಯುವರು.

ಮೊದಲ ವರ್ಷದ ಕೊನೆಗೆ ಸಾಲಗಾರರಲ್ಲಿ ಒಬ್ಬನು 12 ಹೆಜ್ಜೆ, ಇನ್ನೊಬ್ಬನು ಸುಮಾರು ಹದಿಮೂರೂವರೆ ಹೆಜ್ಜೆ ಹಿಂದಿರುವರು. ಅಂತರ ಅಲ್ಪವೆಂದು ಮಕ್ಕಳು ನಗುವರು. ಮೂರನೆಯ ವರ್ಷ ಮುಗಿದಾಗ ಸರಳಬಡ್ಡಿಯವನು 36 ಹೆಜ್ಜೆ, ಚಕ್ರಬಡ್ಡಿಯವನು 52 ಹೆಜ್ಜೆ ಹಿಂದೆ. ಅವನ ಸಾಲ ಇಮ್ಮಡಿಯನ್ನು ಮೀರಿದೆ. ಉಳಿತಾಯದವನು ಐದು ಹೆಜ್ಜೆಯನ್ನೂ ಪೂರೈಸಿಲ್ಲ. ಉಳಿತಾಯದ ನಿಧಾನಗತಿ, ಸಾಲದ ವೇಗ ಎರಡೂ ಕಣ್ಣೆದುರಿಗೆ ನಿಲ್ಲುವುವು.

ನಮ್ಮ ಅನೇಕ ಶಾಲೆಗಳಲ್ಲಿ ನಡೆಯುವ ‘ಮಕ್ಕಳ ಸಂತೆ’ಯೂ ಇಂತಹುದೇ ಸಾಧನ. ಕಟ್ಟಿಗೆ 8 ರೂಪಾಯಿಯಂತೆ ಹತ್ತು ಕಟ್ಟು ಸೊಪ್ಪು ತಂದು, 10 ರೂಪಾಯಿಯಂತೆ ಏಳನ್ನು ಮಾತ್ರ ಮಾರಿದ ಬಾಲಕಿ, ಮೂರು ಕಟ್ಟು ಬಾಡಿದುದರಿಂದ 10 ರೂಪಾಯಿ ನಷ್ಟವಾಯಿತೆಂಬುದನ್ನು ಎಂದಿಗೂ ಮರೆಯಲಾರಳು.

ಆದರೆ ಎಚ್ಚರವೂ ಅವಶ್ಯ. ಲೆಕ್ಕ ಬರೆಯದೆ ಮುಗಿಯುವ ಆಟ ಕೇವಲ ಆಟ. ಓಡಾಡಲಾರದ ಮಗುವಿಗೆ ಗಣಕನ ಸ್ಥಾನ ಕೊಟ್ಟು ಗೌರವಿಸಬೇಕು. ಯಾವ ಮಗುವಿನ ಮನೆಯ ಸಾಲವನ್ನೂ ಉದಾಹರಣೆಗೆ ಎಳೆಯಬಾರದು. ಸಾಲದ ನೋವು ಕೆಲವರಿಗೆ ಆಟವಾಗಿರುವುದಿಲ್ಲ.

ಇದಕ್ಕೆ ಬೇಕಾದುದು ಹಿಡಿ ಸುಣ್ಣ, ಬಯಲು ಮತ್ತು ಅಧ್ಯಾಪಕರ ಸಿದ್ಧತೆ. ಇಂದು ತನ್ನ ಕಾಲಿನಿಂದ ಬಡ್ಡಿಯನ್ನು ಅಳೆದ ಮಗು ನಾಳೆ ರುಜು ಹಾಕುವ ಮುನ್ನ ಒಂದು ಕ್ಷಣ ನಿಂತು ಲೆಕ್ಕ ಹಾಕಿದರೆ, ಗಣಿತದ ಪಾಠ ಸಾರ್ಥಕವಾದಂತೆ.