ಬಕೆಟ್ಟಿಗೆ ಹಾಕಬೇಡ, ತಂಗಿ

ಜೇವರ್ಗಿ ಕಡೆ ಡ್ಯೂಟಿ ಬಿತ್ತು ಅಂದಿಯಲ್ಲ ತಂಗಿ, ಒಂದು ಮಾತು ಕೇಳಿಕೊಂಡು ಹೋಗು. ನಿನ್ನ ಓಪಿಡಿಗೆ ಒಬ್ಬ ಅಜ್ಜ ಬರುತ್ತಾನೆ. ಆಳಂದದಲ್ಲೂ ಬರುತ್ತಾನೆ, ಅಫಜಲಪುರದಲ್ಲೂ ಬರುತ್ತಾನೆ. ಚಪ್ಪಲಿ ಕಳಚಿ ಅಂಗಾಲು ತೋರಿಸಿ, "ಹ್ವಾದ ವರ್ಷ ತೊಗರಿ ಕೂಳಿ ನಟ್ಟಿತ್ರಿ, ಆಣಿ ಆಗ್ಯಾದ" ಅನ್ನುತ್ತಾನೆ. ಎಕ್ಕೆ ಹಾಲು, ಸುಣ್ಣ-ಸೋಡಾ ಎಲ್ಲ ಮುಗಿದಿರುತ್ತದೆ. ರೋಗದ ಹೆಸರನ್ನು ಅವನೇ ಇಟ್ಟುಕೊಂಡು ಬಂದಮೇಲೆ ನಮಗೇನು ಕೆಲಸ? ಕಾರ್ನ್ ಕ್ಯಾಪ್ ಬರೆದು ಕಳಿಸಿಬಿಡುತ್ತೇವೆ.

ಮೊದಲು ಕಾಲು ತೊಳೆಸು. ಬಿರುಕಿನಲ್ಲಿ ಕೂತ ಎರೆಮಣ್ಣಾದರೆ ಸೋಪು, ಬ್ರಷ್ಷಿಗೆ ಹೋಗುತ್ತದೆ. ಹೋಗದೆ ಉಳಿದ ಕಪ್ಪು, ಕಾಗದದ ಮೇಲೆ ಶಾಯಿ ಇಂಗಿದಂತೆ ಅಂಚು ಹರಡಿಕೊಂಡಿದ್ದರೆ, ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ನೆನಪಾಗಲಿ. ನಮ್ಮಂಥ ಕಪ್ಪು ಮೈಯವರಿಗೆ ಅದು ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡದಲ್ಲೇ. ಕೆಲವೊಮ್ಮೆ ಕಪ್ಪೂ ಇರುವುದಿಲ್ಲ, ಬರೀ ಕೆಂಪು ಮಾಂಸ. ಅಲ್ಲೇ ಮೋಸ ಹೋಗುವುದು. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಕಾಲ್ಬೆರಳಿನಲ್ಲಿ ಮೆಲನೋಮವೇ ಆಗಿತ್ತು. 1977ರಲ್ಲಿ ಪತ್ತೆಯಾಯಿತು, 1981ರಲ್ಲಿ, 36ನೇ ವಯಸ್ಸಿಗೇ ಹೋದ.

ಹೀಗೇ ಮೋಸ ಮಾಡುವ ಇನ್ನೊಂದು ಚರ್ಮದ ಕ್ಯಾನ್ಸರ್ ಮರ್ಕೆಲ್ ಕೋಶದ್ದು, ಅದು ಇನ್ನೂ ಅಪರೂಪ. ಮುಖ, ಕತ್ತು, ತೋಳಿನ ಮೇಲೆ ನೋವಿಲ್ಲದ ಕೆಂಪು ಗಂಟು, ವಾರವಾರಕ್ಕೂ ದಪ್ಪವಾಗುತ್ತದೆ. 2008ರಲ್ಲಿ ಅಮೆರಿಕದಲ್ಲಿ 195 ರೋಗಿಗಳ ದಾಖಲೆ ನೋಡಿದಾಗ, ಅರ್ಧಕ್ಕೂ ಹೆಚ್ಚು ಗಂಟುಗಳನ್ನು ಡಾಕ್ಟರರು ಮೊದಲು ಏನೂ ಅಪಾಯವಿಲ್ಲದವು ಅಂದುಕೊಂಡಿದ್ದರಂತೆ. ಅವರ ಕಣ್ಣೇ ಹಾಗಾದರೆ ನಮ್ಮದೇನು ದೊಡ್ಡದು!

ಹರೆಯದಲ್ಲಿ ನಾನೂ ಒಂದು 'ಆಣಿ' ಕೆತ್ತಿ ಬಕೆಟ್ಟಿಗೆ ಎಸೆದಿದ್ದೆ. ಏಳು ತಿಂಗಳಿಗೆ ಅದೇ ಮನುಷ್ಯ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಹೊತ್ತು ಬಂದ. ಎಸೆದದ್ದನ್ನು ಎಲ್ಲಿ ಹುಡುಕಲಿ?

ಅದಕ್ಕೇ ಹೇಳುವುದು, ತೆಗೆದದ್ದು ಕಡ್ಲೆಯಷ್ಟೇ ಇದ್ದರೂ ಪರೀಕ್ಷೆಗೆ ಕಳಿಸು. ಅನುಮಾನ ಇದ್ದರೆ ಬ್ಲೇಡಿನಲ್ಲಿ ಪದರಪದರ ಕೆರೆಯಬೇಡ. ಮೆಲನೋಮ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಅನ್ನುವುದರ ಮೇಲೇ ಮುಂದಿನ ಚಿಕಿತ್ಸೆ ನಿಂತಿರುತ್ತದೆ. ತುಂಡು ಮುಳುಗಿ ಈಜಾಡುವಷ್ಟು ಫಾರ್ಮಲಿನ್ ಹಾಕು, ಸಲೈನ್ ಅಲ್ಲ. ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ರೋಗಿಯ ಹೆಸರು ಬರೆ. ಕಳಿಸಲು ಕಲಬುರಗಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆಯೂ ಇದೆ.

ರಿಪೋರ್ಟ್ ಬರುವಷ್ಟರಲ್ಲಿ ಅಜ್ಜ ಮಗನ ಹಿಂದೆ ಪುಣೆಗೋ ಹೈದರಾಬಾದಿಗೋ ಹೋಗಿರುತ್ತಾನೆ. ಅವನ ನಂಬರಿನ ಜೊತೆ ಊರಿನ ಆಶಾ ಕಾರ್ಯಕರ್ತೆಯ ನಂಬರೂ ಬರೆದಿಟ್ಟುಕೋ.